ಶಿಪ್ಪಿಂಗ್ ಎಕ್ಸ್‌ಟ್ರಾ

ಹಳೇ ಎಚ್‌ಎಂಟಿ ಪೈಲಟ್ ವಾಚಿಗೆ ಆನ್‌ಲೈನ್ ಹರಾಜಲ್ಲಿ ಎರಡು ಸಾವಿರದವರೆಗೂ ಬಿಡ್ ಏರಿಸ್ಕೊಂಡು ಹೋಗಿ, ಮಧ್ಯದಲ್ಲಿ ಯಾರೋ ನೂರು ಜಾಸ್ತಿ ಹಾಕಿದ್ರೆ ತಾನೂ ಹಠಕ್ಕೆ ಬಿದ್ದು ಇನ್ನೊಂದು ನೂರು ಹಾಕಿ, ಕೊನೆಗೆ ಗೆದ್ದು ಗ್ರೂಪಲ್ಲಿ ಎಲ್ಲರ ಹತ್ರ ಕಂಗ್ರಾಟ್ಸ್ ಅನ್ನಿಸ್ಕೊಳ್ಳೋ ಮನುಷ್ಯ ಇರ್ತಾನಲ್ಲ, ಅವನಿಗೇ ಸೆಲ್ಲರ್ 'ಶಿಪ್ಪಿಂಗ್ 180 ಎಕ್ಸ್‌ಟ್ರಾ ಸರ್' ಅಂತ ಒಂದು ಮೆಸೇಜ್ ಹಾಕ್ಲಿ ನೋಡಿ, ಮುಖ ಹುಳ್ಳಗಾಗುತ್ತೆ. ಹಠಕ್ಕೆ ಬಿದ್ದು ಹಾಕಿದ ನೂರಕ್ಕೆ ಬೇಜಾರಿಲ್ಲ, ಕೊರಿಯರ್‌ನವನಿಗೆ ಹೋಗೋ ನೂರೆಂಬತ್ತಕ್ಕೆ ಹೊಟ್ಟೆ ಉರಿ. ನಾನೂ ಆ ಗುಂಪಿನವನೇ ಬಿಡಿ. ವಾಚಿಗೆ ಕೊಟ್ಟ ದುಡ್ಡು ಕೈಮೇಲೆ ಟಿಕ್ ಟಿಕ್ ಅಂತಿರುತ್ತೆ, ಸಾಗಣೆಗೆ ಕೊಟ್ಟಿದ್ದು ದಾರೀಲೇ ಕರಗಿಹೋಗುತ್ತೆ, ಮನೇಲಿ ತೋರ್ಸೋಕೆ ಏನೂ ಇರಲ್ಲ, ಅದಕ್ಕೇ ಇರ್ಬೇಕು.

ತುಮಕೂರಲ್ಲಿ ಕೂತ್ಕೊಂಡು ಎಚ್‌ಎಂಟಿ ವಾಚನ್ನ ಹೊರಗಡೆಯಿಂದ ತರಿಸ್ಕೊಳ್ಳೋದೇ ಒಂದು ತಮಾಷೆ. ಇಲ್ಲೇ ಫ್ಯಾಕ್ಟರಿ ಇತ್ತು. ಶಿಫ್ಟ್ ಬಿಟ್ಟ ಹೊತ್ತಿಗೆ ಕಂಪ್ನಿ ಬಸ್ಸುಗಳು ಸಾಲಾಗಿ ಬರೋದನ್ನ ನೋಡಿರೋರು ಊರಲ್ಲಿ ಇನ್ನೂ ಬೇಕಾದಷ್ಟು ಜನ ಇದಾರೆ. 2016ರ ಜನವರೀಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚೋ ತೀರ್ಮಾನ ಮಾಡ್ತು, ಆಮೇಲೆ ಇಲ್ಲಿನ ಜಾಗ ಇಸ್ರೋಗೆ ಹೋಯ್ತು. ಅಲ್ಲಿ ಕೆಲ್ಸ ಮಾಡಿ ರಿಟೈರ್ ಆದ ನಮ್ಮ ದೊಡ್ಡಪ್ಪ ನನ್ನ ಪಾರ್ಸಲ್ ನೋಡಿದಾಗಲೆಲ್ಲ ಒಂದೇ ಮಾತು ಹೇಳ್ತಾರೆ, "ಲೋ, ನಾವು ಇಲ್ಲಿಂದ ಲಾರಿ ತುಂಬ್ಸಿ ಕಳಿಸಿದ್ದನ್ನ ನೀನು ಡೆಲ್ಲಿಗೆ ಬಾಡಿಗೆ ಕೊಟ್ಟು ಒಂದೊಂದೇ ವಾಪಸ್ ತರಿಸ್ತಿದೀಯಲ್ಲೋ." ಹೌದು ದೊಡ್ಡಪ್ಪ, ಏನ್ ಮಾಡೋದು, ಚೆನ್ನಾಗಿರೋ ಜನತಾ, ಪೈಲಟ್ ಎಲ್ಲ ಈಗ ಹರಾಜಿಗೆ ಬರೋದು ಡೆಲ್ಲಿ, ಮುಂಬೈ, ಕೋಲ್ಕತಾದಲ್ಲಿ ಇರೋರ ಹತ್ರದಿಂದಾನೇ.

ಹರಾಜು ಅಂದ್ರೆ ದೊಡ್ಡ ವೆಬ್‌ಸೈಟೇ ಆಗ್ಬೇಕು ಅಂತಿಲ್ಲ. ಬಾಜೀ ಡಾಟ್ ಕಾಮ್ ಅಂತ ಒಂದಿತ್ತು, ಅದನ್ನ 2004ರಲ್ಲಿ ಅಮೆರಿಕದ ಹರಾಜು ವೆಬ್‌ಸೈಟ್ ಇಬೇ ತಗೊಂಡು ಇಬೇ ಇಂಡಿಯಾ ಮಾಡ್ತು, 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈಗೆ ಹೋಯ್ತು, 2018ರಲ್ಲಿ ಬಾಗಿಲೇ ಹಾಕ್ತು. ಈಗ ನಮ್ಮ ಕಡೆ ವಾಚು, ನಾಣ್ಯ, ಪೆನ್ನು, ಸ್ಟ್ಯಾಂಪ್ ಹುಚ್ಚಿರೋರ ಹರಾಜು ಜಾಸ್ತಿ ನಡೆಯೋದು ಫೇಸ್‌ಬುಕ್, ವಾಟ್ಸಾಪ್ ಗ್ರೂಪುಗಳಲ್ಲೇ. ಫೋಟೋ ಹಾಕ್ತಾರೆ, ಕೆಳಗೆ ಶುರು ಬೆಲೆ, ಎಷ್ಟೆಷ್ಟು ಏರಿಸ್ಬೇಕು, ರಾತ್ರಿ ಎಷ್ಟೊತ್ತಿಗೆ ಮುಗಿಯುತ್ತೆ, ಎಲ್ಲಕ್ಕಿಂತ ಕೆಳಗೆ 'ಶಿಪ್ಪಿಂಗ್ ಎಕ್ಸ್‌ಟ್ರಾ' ಅಥವಾ 'ಶಿಪ್ಪಿಂಗ್ ಅಟ್ ಆಕ್ಚುಯಲ್ಸ್', ಅಂದ್ರೆ ಸಾಗಣೆಗೆ ನಿಜವಾಗಿ ಎಷ್ಟಾಗುತ್ತೋ ಅಷ್ಟು. ಈ ಆಕ್ಚುಯಲ್ಸ್ ಅನ್ನೋದು ಬಹಳ ದೊಡ್ಡ ಮನಸ್ಸಿನ ಪದ, ಅದರೊಳಗೆ ಯಾರು ಏನು ಬೇಕಾದ್ರೂ ತುಂಬಬಹುದು. ಡೆಲ್ಲಿ ಕಡೆಯಿಂದ ಬಂದ ಒಂದು ಸ್ಪೀಡ್ ಪೋಸ್ಟ್ ಕವರ್ ನನ್ನ ಟೇಬಲ್ ಡ್ರಾನಲ್ಲಿ ಈಗ್ಲೂ ಇದೆ. ಒಳಗೆ ಒಂದು ಕಾಂಚನ್ ವಾಚು, ಸುತ್ತ ಹಿಂದಿ ಪೇಪರ್ ತುಂಡು, ಒಂದೇ ಸುತ್ತು ಬಬಲ್ ರ‍್ಯಾಪ್. ನನ್ನ ಹತ್ರ ತಗೊಂಡಿದ್ದು ಇನ್ನೂರೈವತ್ತು. ಕವರ್ ಮೇಲಿನ ಪೋಸ್ಟಾಫೀಸ್ ಸ್ಟಿಕರ್‌ನಲ್ಲಿ ತೂಕ ಇನ್ನೂರು ಗ್ರಾಮ್ ಒಳಗೇ ಇತ್ತು, ದುಡ್ಡು ಎಪ್ಪತ್ತು ಚಿಲ್ಲರೆ. ಆ ಮನುಷ್ಯ ಸ್ಟಿಕರ್ ಕೀಳೋ ಶ್ರಮಾನೂ ತಗೊಂಡಿರ್ಲಿಲ್ಲ, ಪೋಸ್ಟಾಫೀಸಿನೋರು ಅಂಟಿಸಿದ್ದನ್ನ ಅವನು ನೋಡೇ ಇಲ್ವೋ ಏನೋ.

ಇದು ಬರೀ ನಮ್ಮೋರ ಚಾಳಿ ಅಲ್ಲ. ಇಬೇ 1995ರಲ್ಲಿ ಶುರುವಾಗಿದ್ದು, ಬಹಳ ವರ್ಷ ಅವರು ಸೆಲ್ಲರ್ ಹತ್ರ ಕಮಿಷನ್ ತಗೊಳ್ತಿದ್ದದ್ದು ಸಾಮಾನಿನ ಬೆಲೆ ಮೇಲೆ ಮಾತ್ರ, ಶಿಪ್ಪಿಂಗ್ ಮೇಲೆ ಇಲ್ಲ. ಅಷ್ಟು ಸಾಕಾಯ್ತಲ್ಲ. ಸಾಮಾನು ಒಂದು ಡಾಲರ್, ಶಿಪ್ಪಿಂಗ್ ಇಪ್ಪತ್ತು ಡಾಲರ್ ಅಂತ ಹಾಕೋರು, ಕಮಿಷನ್ ಒಂದು ಡಾಲರ್‌ಗೆ ಮಾತ್ರ. ಕೊನೆಗೆ 2011ರಲ್ಲಿ ಅಮೆರಿಕದ ಇಬೇ ಶಿಪ್ಪಿಂಗ್ ಸೇರಿಸಿದ ಒಟ್ಟು ಮೊತ್ತದ ಮೇಲೇ ಕಮಿಷನ್ ಹಾಕೋಕೆ ಶುರು ಮಾಡ್ತು, ಆಗ ಆ ಆಟದಲ್ಲಿ ಲಾಭ ಕಮ್ಮಿಯಾಯ್ತು. ಆದ್ರೆ ಪೂರ್ತಿ ನಿಲ್ಲಲಿಲ್ಲ, ಯಾಕಂದ್ರೆ ಕಮಿಷನ್ ಉಳಿಸೋದೊಂದೇ ಕಾರಣ ಆಗಿರ್ಲಿಲ್ಲ. ತಂಜಿಮ್ ಹುಸೇನ್, ಜಾನ್ ಮಾರ್ಗನ್ ಅಂತ ಇಬ್ರು ಅರ್ಥಶಾಸ್ತ್ರಜ್ಞರು ಇಬೇಯಲ್ಲೇ ಸಿ.ಡಿ., ಎಕ್ಸ್‌ಬಾಕ್ಸ್ ಗೇಮ್ ಹರಾಜಿಗಿಟ್ಟು ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದ್ರು. ಒಂದೇ ಸಾಮಾನು, ಒಂದ್ಸಲ ಶುರು ಬೆಲೆ 4 ಡಾಲರ್, ಶಿಪ್ಪಿಂಗ್ ಫ್ರೀ. ಇನ್ನೊಂದ್ಸಲ ಶುರು ಬೆಲೆ 1 ಸೆಂಟ್, ಶಿಪ್ಪಿಂಗ್ 3.99 ಡಾಲರ್. ಲೆಕ್ಕದಲ್ಲಿ ಎರಡೂ ಒಂದೇ, ಒಂದನೇ ಕ್ಲಾಸ್ ಹುಡುಗನೂ ಹೇಳ್ತಾನೆ. ಆದ್ರೆ ಒಂದು ಸೆಂಟಿನ ಹರಾಜಿಗೆ ಜನ ಬೇಗ ಬಂದ್ರು, ಜಾಸ್ತಿ ಬಂದ್ರು, ಒಟ್ಟು ದುಡ್ಡೂ ಜಾಸ್ತೀನೇ ಬಂತು. ಶುರು ಬೆಲೆ, ಶಿಪ್ಪಿಂಗ್ ಸೇರಿದ ಮೊತ್ತ ಡಬಲ್ ಮಾಡಿದಾಗ ಸಿ.ಡಿ.ಗಳಲ್ಲಿ ಈ ಆಟ ನಡೀಲಿಲ್ಲ, ಆ ಮಟ್ಟಕ್ಕೆ ಬಂದಾಗ ಜನ ಕಣ್ಣು ಬಿಟ್ರು ಅಂತ ಕಾಣುತ್ತೆ. ನಮ್ಮ ಗ್ರೂಪುಗಳಲ್ಲಿ 'ಶುರು ಬೆಲೆ ಬರೀ 1 ರೂಪಾಯಿ' ಅಂತ ಬೆಂಕಿ ಇಮೋಜಿ ಹಾಕೋರು ಈ ಪ್ರಯೋಗ ಓದಿರಲ್ಲ, ಆದ್ರೆ ಅವರಿಗೆ ಉತ್ತರ ಗೊತ್ತು.

ಇದಕ್ಕೆ ಏನಪ್ಪಾ ಮಾಡೋದು ಅಂತ ನಾನು ಕಲಿತಿದ್ದು ಕಂಪ್ಯೂಟರ್ ಮುಂದೆ ಅಲ್ಲ, ತಿಪಟೂರಲ್ಲಿ. ನಮ್ಮ ಮಾವನ ಮನೆ ಆ ಕಡೆ, ತೆಂಗಿನ ತೋಟ ಇದೆ. ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು, ಒಳಗಿನ ನೀರೆಲ್ಲ ಹಿಂಗಿ, ಅಲ್ಲಾಡಿಸಿದ್ರೆ ಗಟಗಟ ಅನ್ನೋ ಉಂಡೆ ಕೊಬ್ಬರಿ ಆಗುತ್ತೆ, ಅದನ್ನ ಸುಲಿದು ಚೀಲ ಕಟ್ಟಿ ಎಪಿಎಂಸಿ ಯಾರ್ಡಿಗೆ ಹಾಕ್ತಾರೆ. ಅಲ್ಲಿ ನಡೆಯೋದೂ ಆನ್‌ಲೈನ್ ಹರಾಜೇ ಕಣ್ರೀ, ವರ್ತಕರು ಚೀಲದೊಳಗೆ ಕೈ ಹಾಕಿ ಎರಡು ಉಂಡೆ ಒಡೆದು ನೋಡಿ, ಆಮೇಲೆ ರೇಟ್ ಹಾಕೋದು ಕಂಪ್ಯೂಟರ್‌ನಲ್ಲಿ. ಈ ಕೊಬ್ಬರಿ ಬಹುಪಾಲು ಹೋಗೋದು ಉತ್ತರದ ಕಡೆಗೆ. ಕ್ವಿಂಟಾಲ್‌ಗೆ ಇಷ್ಟು ಅಂತ ಬಿಡ್ ಹಾಕೋ ವರ್ತಕನಿಗೆ ಡೆಲ್ಲೀಲಿ ಅದು ಎಷ್ಟಕ್ಕೆ ಹೋಗುತ್ತೆ ಅನ್ನೋದು ಗೊತ್ತಿರುತ್ತೆ, ಅಲ್ಲಿಂದ ಹಿಂದಕ್ಕೆ ಬರ್ತಾನೆ. ಲಾರಿ ಬಾಡಿಗೆ ಕಳೀತಾನೆ, ಹಮಾಲಿ ಕಳೀತಾನೆ, ಚೀಲದ ದುಡ್ಡು, ಸೆಸ್ಸು, ದಾರೀಲಿ ತೂಕ ಇಳಿಯೋದು, ಇದನ್ನೆಲ್ಲ ಕಳೆದು ತನ್ನ ಲಾಭ ಇಟ್ಕೊಂಡು ಉಳಿದಿದ್ದೇ ಅವನ ಬಿಡ್. ಬಿಡ್ ಗೆದ್ದ ಮೇಲೆ "ಅಯ್ಯೋ ಲಾರಿ ಬಾಡಿಗೆ ಬೇರೆ ಇದೆಯಾ" ಅಂತ ಕೇಳಿದ ವರ್ತಕ ತಿಪಟೂರಲ್ಲಿ ಹುಟ್ಟಿಲ್ಲ. ಮಾವನಿಗೆ ನನ್ನ ವಾಚ್ ಹರಾಜಿನ ವಿಷ್ಯ ಹೇಳಿದಾಗ ಅವರು ನಕ್ಕು, "ಮನೆಬಾಗಿಲಿಗೆ ಬಂದು ಬಿದ್ದಾಗ ಎಷ್ಟಾಗುತ್ತೋ ಅದೇ ರೇಟು ಅಳೀಂದ್ರೇ, ಮಿಕ್ಕಿದ್ದೆಲ್ಲ ಬಾಯ್ಮಾತು" ಅಂದ್ರು.

ಅದೇ ಈಗ ನನ್ನ ಲೆಕ್ಕ. ಈ ವಾಚು ನನ್ನ ಮನೆಬಾಗಿಲಲ್ಲಿ ಎಷ್ಟಕ್ಕೆ ಬಂದ್ರೆ ನಂಗೆ ಸಮಾಧಾನ? ಎರಡು ಸಾವಿರ ಅನ್ಕೊಳ್ಳಿ. ಶಿಪ್ಪಿಂಗ್ ಇನ್ನೂರೈವತ್ತು ಅಂತಾನಾ, ಆಯ್ತು, ನನ್ನ ಬಿಡ್ ಸಾವಿರದ ಏಳುನೂರೈವತ್ತಕ್ಕೆ ನಿಲ್ಲುತ್ತೆ. ಐವತ್ತು ಅಂತಾನಾ, ಸಾವಿರದ ಒಂಬೈನೂರೈವತ್ತರವರೆಗೂ ಹೋಗ್ತೀನಿ. ಅವನು ಶಿಪ್ಪಿಂಗ್ ಅಂತ ಕರೀಲಿ, ಪ್ಯಾಕಿಂಗ್ ಅಂತ ಕರೀಲಿ, ದೇವರ ಹುಂಡಿ ಅಂತ ಕರೀಲಿ, ನನ್ನ ಜೇಬಿಂದ ಹೋಗೋದು ಅಷ್ಟೇ. ಹೀಗೆ ಮಾಡೋಕೆ ಶುರುಮಾಡಿದ್ಮೇಲೆ ಜಗಳಾನೇ ಇಲ್ಲ. ಒಂದೇ ತೊಂದರೆ ಏನಂದ್ರೆ ಶಿಪ್ಪಿಂಗ್ ಎಷ್ಟು ಅಂತ ಬಿಡ್ ಹಾಕೋ ಮುಂಚೇನೇ ಗೊತ್ತಿರ್ಬೇಕು, ಹರಾಜು ನಡೀತಿರೋವಾಗ 'ತುಮಕೂರು 572101ಕ್ಕೆ ಎಷ್ಟಾಗುತ್ತೆ' ಅಂತ ಕೇಳಿದ್ರೆ ಕೆಲವ್ರು 'ವಿನ್ ಆದ್ಮೇಲೆ ಮಾತಾಡೋಣ ಬ್ರೋ' ಅಂತಾರೆ. ಅಂಥ ಬ್ರೋಗಳಿಗೆ ದೂರದಿಂದಾನೇ ನಮಸ್ಕಾರ.

ಕೇಳೋವಾಗ ತೂಕ ಒಂದೇ ಕೇಳಿದ್ರೆ ಸಾಲ್ದು, ಡಬ್ಬದ ಸೈಜೂ ಕೇಳ್ಬೇಕು. ಕೈಗಡಿಯಾರಕ್ಕೆ ಇದು ಅಷ್ಟು ತಟ್ಟಲ್ಲ, ಗೋಡೆ ಗಡಿಯಾರಕ್ಕೆ ಕೈ ಹಾಕಿದ್ರೆ ಗೊತ್ತಾಗುತ್ತೆ. ಕೊರಿಯರ್‌ನವರು ಏರ್‌ನಲ್ಲಿ ಕಳಿಸೋವಾಗ ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸ್ತಾರೆ, ಬಂದಿದ್ದು ಕೆ.ಜಿ. ಲೆಕ್ಕ, ಅದಕ್ಕೆ ವಾಲ್ಯುಮೆಟ್ರಿಕ್ ತೂಕ ಅಂತಾರೆ. ಅದು ಜಾಸ್ತಿಯೋ ನಿಜವಾದ ತೂಕ ಜಾಸ್ತಿಯೋ, ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಪೆಂಡ್ಯುಲಮ್ ಇರೋ ಹಳೇ ಗಡಿಯಾರ ನಾಲ್ಕು ಕೆ.ಜಿ. ಇರಬಹುದು, ಗಾಜು ಒಡೀಬಾರ್ದು ಅಂತ ಸುತ್ತ ಥರ್ಮಾಕೋಲ್ ಇಟ್ಟು 60, 35, 20ರ ಡಬ್ಬದಲ್ಲಿ ಹಾಕಿದ್ರೆ 42,000 ಭಾಗಿಸು 5,000, ಅಂದ್ರೆ 8.4 ಕೆ.ಜಿ. ಅರ್ಧಕ್ಕಿಂತ ಜಾಸ್ತಿ ದುಡ್ಡು ಹೋಗೋದು ಡಬ್ಬದೊಳಗಿನ ಗಾಳಿಗೆ. ಅದಕ್ಕೇ ಪೆಂಡ್ಯುಲಮ್ ಬಿಚ್ಚಿ ಪಕ್ಕಕ್ಕಿಟ್ಟು ಪ್ಯಾಕ್ ಮಾಡ್ತೀರಾ ಅಂತ ಕೇಳೋದು, ಡಬ್ಬ ಐದು ಸೆಂಟಿಮೀಟರ್ ತೆಳ್ಳಗಾದ್ರೂ ಎರಡು ಕೆ.ಜಿ. ಇಳಿಯುತ್ತೆ.

ಹೊರದೇಶದ ಹರಾಜಿನ ಕಥೆ ಬೇರೇನೇ. ಎಚ್‌ಎಂಟಿ ವಾಚ್ ಮಾಡೋಕೆ ಶುರುಮಾಡಿದ್ದು 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ, ಹಾಗಾಗಿ ಎಚ್‌ಎಂಟಿ ಹುಚ್ಚು ಹಿಡಿದೋರಿಗೆ ಇವತ್ತಲ್ಲ ನಾಳೆ ಹಳೇ ಸಿಟಿಜನ್ ಹುಚ್ಚೂ ಹತ್ತುತ್ತೆ. ಜಪಾನಲ್ಲಿ ಇಬೇ ನಿಲ್ಲಲಿಲ್ಲ, 2002ರಲ್ಲೇ ಜಾಗ ಖಾಲಿ ಮಾಡ್ತು, ಅಲ್ಲಿ ಯಾಹೂ ಆಕ್ಷನ್ಸ್‌ದೇ ರಾಜ್ಯ. ಒಂದು ಯೆನ್‌ನಿಂದ ಶುರುವಾಗೋ ಹರಾಜುಗಳು ರಾಶಿ ರಾಶಿ. ಆದ್ರೆ ಅಲ್ಲಿನ ಸೆಲ್ಲರ್‌ಗಳು ಬಹುಪಾಲು ಹೊರಗೆ ಕಳಿಸಲ್ಲ, ನಮ್ಮ ಪರವಾಗಿ ಬಿಡ್ ಹಾಕಿ ತಗೊಂಡು ಕಳಿಸೋ ಪ್ರಾಕ್ಸಿ ಕಂಪ್ನಿಗಳಿವೆ, ಅವರ ಮೂಲಕ ಹೋಗ್ಬೇಕು. ಒಂದು ಲಾಟ್, ಓಡದೇ ಇರೋ ನಾಲ್ಕೈದು ವಾಚು, ಪಾರ್ಟ್ಸ್‌ಗೆ ಮಾತ್ರ ಅಂತ ಹಾಕಿರೋದು, 1,200 ಯೆನ್‌ಗೆ ಸಿಕ್ತು ಅನ್ಕೊಳ್ಳಿ. ಸೆಲ್ಲರ್ ಮನೆಯಿಂದ ಪ್ರಾಕ್ಸಿಯವರ ಗೋಡೌನ್‌ಗೆ ಬರೋಕೆ ಜಪಾನ್ ಒಳಗಿನ ಸಾಗಣೆ ಒಂದು ಏಳೆಂಟು ನೂರು, ಪ್ರಾಕ್ಸಿಯವರ ಫೀಸು ನಾನೂರೈನೂರು, ಅಲ್ಲಿಂದ ಇಂಡಿಯಾಗೆ ಎರಡು ಸಾವಿರದ ಮೇಲೆ, ಕಾರ್ಡ್‌ನವರು ಯೆನ್ನನ್ನ ರೂಪಾಯಿ ಮಾಡೋವಾಗ ಕಚ್ಚೋ ಮಾರ್ಕಪ್ಪು, ಇಷ್ಟೆಲ್ಲ ಆಗಿ ಇಲ್ಲಿಗೆ ಬಂದ್ಮೇಲೆ ಕಸ್ಟಮ್ಸು. ಅಜ್ಜಿ ನೂತಿದ್ದೆಲ್ಲ ಮೊಮ್ಮಗನ ಉಡಿದಾರಕ್ಕೆ ಅಂತಾರಲ್ಲ, ಹಾಗೆ ಅಗ್ಗಕ್ಕೆ ಸಿಕ್ಕಿದ ಖುಷಿಯೆಲ್ಲ ಸಾಗಣೆಗೇ ಹೋಗುತ್ತೆ.

ಆದ್ರೆ ಇಲ್ಲೇ ಒಂದು ದಾರೀನೂ ಇದೆ. ಪ್ರಾಕ್ಸಿಯವರ ಗೋಡೌನ್‌ನಲ್ಲಿ ಒಂದಷ್ಟು ದಿನ ಸಾಮಾನು ಇಟ್ಕೊಳ್ತಾರೆ. ಹಂಗಾಗಿ ಗೆದ್ದ ಕೂಡ್ಲೇ ತರಿಸ್ಕೊಳ್ಳೋ ಆತುರ ಬಿಟ್ಟು, ಮೂರ್ನಾಲ್ಕು ಲಾಟ್ ಸೇರೋವರೆಗೂ ಕಾದು ಒಂದೇ ಡಬ್ಬ ಮಾಡ್ಸಿದ್ರೆ ಪ್ರತಿ ಲಾಟಿಗೆ ಬೀಳೋ ಸಾಗಣೆ ಬಹಳ ಇಳಿಯುತ್ತೆ, ಯಾಕಂದ್ರೆ ಅಂತರರಾಷ್ಟ್ರೀಯ ರೇಟಲ್ಲಿ ಮೊದಲ ಐನೂರು ಗ್ರಾಮ್‌ಗೆ ಬೀಳೋ ಪೆಟ್ಟು ಆಮೇಲಿನ ಗ್ರಾಮ್‌ಗಳಿಗೆ ಬೀಳಲ್ಲ. ಇಬ್ರು ಸ್ನೇಹಿತರು ಸೇರಿ ಮಾಡಿದ್ರೆ ಇನ್ನೂ ಒಳ್ಳೇದು, ದುಡ್ಡಿನ ಲೆಕ್ಕ ಮಾತ್ರ ಮೊದ್ಲೇ ಬರೆದಿಟ್ಕೊಳ್ಳಿ, ಸ್ನೇಹ ಉಳೀಬೇಕಲ್ಲ.

ಕಸ್ಟಮ್ಸ್ ವಿಷ್ಯದಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು ಅಂದ್ರೆ ಸುಂಕ ಹಾಕೋದು ಸಾಮಾನಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ, ಇನ್ಶೂರೆನ್ಸ್ ಸೇರಿಸಿದ ಮೊತ್ತಕ್ಕೆ. ಅಂದ್ರೆ ಶಿಪ್ಪಿಂಗ್‌ಗೆ ಹೊಟ್ಟೆ ಉರ್ಕೊಂಡು ಕೊಟ್ಟಿದ್ದಕ್ಕೂ ಮತ್ತೆ ಟ್ಯಾಕ್ಸು, ಗಾಯದ ಮೇಲೆ ಬರೆ. ಆದ್ರೆ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳಲ್ಲಿ 10ನೇ ನಿಯಮ ಅಂತ ಒಂದಿದೆ. ವಿಮಾನದಲ್ಲಿ ಬಂದ ಸಾಮಾನಿಗೆ ಸಾಗಣೆ ಖರ್ಚು ಎಷ್ಟೇ ಆಗಿರ್ಲಿ, ಸುಂಕದ ಲೆಕ್ಕಕ್ಕೆ ಸೇರಿಸೋದು ಎಫ್‌ಓಬಿ ಬೆಲೆಯ, ಅಂದ್ರೆ ಅಲ್ಲಿಂದ ಹೊರಡೋವರೆಗಿನ ಸಾಮಾನಿನ ಬೆಲೆಯ, ಶೇ 20ನ್ನ ದಾಟೋ ಹಾಗಿಲ್ಲ ಅನ್ನುತ್ತೆ ಅದು. ಎರಡು ಸಾವಿರದ ಸಾಮಾನಿಗೆ ಸಾಗಣೆ ಸಾವಿರದ ಎಂಟುನೂರು ಆಗಿದ್ರೂ ಸೇರಿಸೋದು ನಾನೂರು ಮಾತ್ರ. ಬಿಲ್ ಬಂದಾಗ ಒಂದ್ಸಲ ಕಣ್ಣಾಡ್ಸಿ, ಲೆಕ್ಕ ತಪ್ಪಿದೆ ಅನ್ನಿಸಿದ್ರೆ ಕೇಳೋಕೆ ನಮಗೆ ಹಕ್ಕಿದೆ. ಇನ್ನು 'ಗಿಫ್ಟ್ ಅಂತ ಬರೆದುಬಿಡ್ಲಾ' ಅಂತ ಕೇಳೋ ಸೆಲ್ಲರ್‌ಗಳು ಇನ್ನೂ ಇದಾರೆ, ಐದು ಸಾವಿರದೊಳಗಿನ ಗಿಫ್ಟ್‌ಗೆ ಇದ್ದ ಆ ವಿನಾಯ್ತಿ 2019ರ ಡಿಸೆಂಬರ್‌ನಲ್ಲೇ ಹೋಯ್ತು, ರಾಖಿಗೂ ಜೀವ ಉಳಿಸೋ ಔಷಧಿಗೂ ಮಾತ್ರ ಉಳೀತು. ಸುಳ್ಳು ಬರೆಸಿ ಸಿಕ್ಕಾಕ್ಕೊಳ್ಳೋದು ಯಾಕೆ.

ಶಿಪ್ಪಿಂಗ್ ದುಬಾರಿ ಅಂತ ನಮಗೆ ಅನ್ನಿಸೋದಕ್ಕೆ ಚೀನಾದವ್ರೂ ಒಂದು ಕಾರಣ. ವಾಚಿನ ಹಿಂದಿನ ಮುಚ್ಚಳ ತೆಗೆಯೋ ಟೂಲು, ಚಿಮುಟ, ಸ್ಟ್ರ್ಯಾಪ್ ಪಿನ್ನು, ಇದೆಲ್ಲ ಒಂದು ಕಾಲದಲ್ಲಿ ನೂರು ರೂಪಾಯಿಗೆ ಫ್ರೀ ಶಿಪ್ಪಿಂಗ್‌ನಲ್ಲಿ ಶೆನ್‌ಜೆನ್‌ನಿಂದ ಮನೆಗೆ ಬರ್ತಿತ್ತು. ಅದು ನಿಜವಾಗ್ಲೂ ಫ್ರೀ ಆಗಿರ್ಲಿಲ್ಲ. ಒಂದು ದೇಶದ ಅಂಚೆಯವ್ರು ಇನ್ನೊಂದು ದೇಶದ ಅಂಚೆಯವ್ರಿಗೆ ಹಂಚೋ ಕೆಲ್ಸಕ್ಕೆ ಎಷ್ಟು ಕೊಡ್ಬೇಕು ಅನ್ನೋದು ವಿಶ್ವ ಅಂಚೆ ಒಕ್ಕೂಟದ ಲೆಕ್ಕ, ಅದರಲ್ಲಿ ಚೀನಾಕ್ಕೆ ಬಹಳ ಕಮ್ಮಿ ರೇಟ್ ಇತ್ತು. ಅಮೆರಿಕ ಇದಕ್ಕೆ ಗಲಾಟೆ ಮಾಡಿ 2018ರಲ್ಲಿ ಒಕ್ಕೂಟಾನೇ ಬಿಡ್ತೀನಿ ಅಂತು, 2019ರಲ್ಲಿ ಜಿನೀವಾದಲ್ಲಿ ಕೂತು ರಾಜಿ ಮಾಡ್ಕೊಂಡ್ರು. ನಮ್ಮಲ್ಲಿ ಇಂಥ ಸಾಮಾನು ಚೀನಾದಿಂದ ತರಿಸ್ಕೊಳ್ತಿದ್ದ, 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ಆಪೇ ಬ್ಯಾನ್ ಆಯ್ತು. ಆದ್ರೆ ಸಾಗಣೆ ಅಂದ್ರೆ ಫ್ರೀಯಾಗಿ ಬರ್ಬೇಕಾದ್ದು ಅನ್ನೋ ಅಭ್ಯಾಸ ನಮ್ಮ ತಲೇಲಿ ಉಳ್ಕೊಂಡ್ಬಿಡ್ತು.

ಆ ಅಭ್ಯಾಸ ಬಿಡ್ಬೇಕು ಅಂದ್ರೆ ಒಂದ್ಸಲ ತಾನೇ ಏನಾದ್ರೂ ಮಾರಿ ನೋಡ್ಬೇಕು. ಮಂಡಿಪೇಟೆ ಕಡೆ ನನ್ನ ವಾಚ್‌ಗಳನ್ನ ಸರ್ವಿಸ್ ಮಾಡೋ ಸಾಬ್ರು ಇದಾರೆ, ಅವರ ಮಗ ಈಗ ರಿಪೇರಿ ಮಾಡಿದ ವಾಚ್‌ಗಳನ್ನ ಗ್ರೂಪುಗಳಲ್ಲಿ ಹರಾಜಿಗೆ ಹಾಕ್ತಾನೆ. ಒಂದಿನ ಅವನು ಪ್ಯಾಕ್ ಮಾಡೋದನ್ನ ಪಕ್ಕದಲ್ಲೇ ಕೂತು ನೋಡ್ದೆ. ಕೀ ತಿರುಗಿಸೋ ಗುಂಡಿಗೆ ಏಟು ಬೀಳಬಾರ್ದು ಅಂತ ಅದಕ್ಕೆ ಸಣ್ಣ ಸ್ಪಂಜ್ ತುಂಡು, ಮೇಲೆ ಬಬಲ್ ರ‍್ಯಾಪ್ ಮೂರು ಸುತ್ತು, ಅದನ್ನ ಹಳೇ ಸ್ವೀಟ್ ಡಬ್ಬಕ್ಕಲ್ಲ, ದುಡ್ಡು ಕೊಟ್ಟು ತಂದ ಕಾರ್ಡ್‌ಬೋರ್ಡ್ ಡಬ್ಬಕ್ಕೆ, ಅಲ್ಲಾಡಿಸಿ ನೋಡಿ ಸದ್ದು ಬಂದ್ರೆ ಮತ್ತೆ ಬಿಚ್ಚಿ ಪೇಪರ್ ತುರುಕಿ, ಆಮೇಲೆ ಟೇಪು. ಪ್ಯಾಕ್ ಮಾಡೋದನ್ನ, ಸೀಲ್ ಹಾಕೋದನ್ನ ಒಂದೇ ಉಸಿರಲ್ಲಿ ವೀಡಿಯೋ ಮಾಡ್ಕೊಂಡ, ನಾಳೆ ಆ ಕಡೆಯವನು ಖಾಲಿ ಡಬ್ಬ ಬಂತು ಅಂದ್ರೆ ತೋರಿಸ್ಬೇಕಲ್ಲ. ಅಲ್ಲಿಂದ ಹೆಡ್ ಪೋಸ್ಟಾಫೀಸು, ಆಟೋ ಅಥವಾ ಪೆಟ್ರೋಲು, ಕ್ಯೂ, ಸರ್ವರ್ ಡೌನು. "ಅಣ್ಣ, ನೂರಿಪ್ಪತ್ತು ತಗೊಂಡ್ರೆ ಲೂಟಿ ಅಂತಾರೆ, ನನ್ನ ಅರ್ಧ ದಿನ ಯಾರ್ ಲೆಕ್ಕ?" ಅಂದ. ಇದು ನ್ಯಾಯಾನೇ. ಸ್ಟಿಕರ್ ಮೇಲಿನ ರೇಟಿಗಿಂತ ಐವತ್ತು ಅರವತ್ತು ಜಾಸ್ತಿ ತಗೊಂಡು ವಾಚನ್ನ ಮಗು ಥರ ಕಳಿಸೋನ ಮೇಲೆ ನಂಗೆ ಕೋಪ ಇಲ್ಲ. ಒಂದು ಸುತ್ತು ಬಬಲ್ ರ‍್ಯಾಪ್ ಹಾಕಿ ಇನ್ನೂರೈವತ್ತು ಕಿತ್ತೋನ ಮೇಲೆ ಈಗ್ಲೂ ಇದೆ.

ಬೆಂಗಳೂರಿನ ಸೆಲ್ಲರ್ ಆದ್ರೆ ತುಮಕೂರಿನೋರಿಗೆ ಇನ್ನೊಂದು ಭಾಗ್ಯ ಇದೆ. ಎಪ್ಪತ್ತು ಕಿಲೋಮೀಟರ್, ದಿನಾ ಬೆಳಗ್ಗೆ ಅರ್ಧ ಊರೇ ಟ್ರೈನ್ ಪಾಸ್ ಇಟ್ಕೊಂಡು ಬೆಂಗ್ಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತೆ. ಯಶವಂತಪುರ ಸ್ಟೇಷನ್ ಹತ್ರ ಬಂದು ಕೊಡ್ತೀರಾ ಅಂತ ಕೇಳಿದ್ರೆ ಎಷ್ಟೋ ಜನ ಒಪ್ತಾರೆ, ಪಕ್ಕದ ಬೀದಿಯವ್ರು ಯಾರಾದ್ರೂ ಇಸ್ಕೊಂಡು ಬರ್ತಾರೆ, ಅವರಿಗೆ ಒಂದು ಕಾಫಿ, ತಟ್ಟೆ ಇಡ್ಲಿ. ದೊಡ್ಡ ಸಾಮಾನಾದ್ರೆ ಕೆಎಸ್‌ಆರ್‌ಟಿಸಿಯವ್ರು 2021ರಲ್ಲಿ ಶುರುಮಾಡಿದ ನಮ್ಮ ಕಾರ್ಗೋ ಇದೆ, ಬಸ್ ಸ್ಟ್ಯಾಂಡಿಗೆ ಹೋಗಿ ತಗೊಂಡ್ಬರೋಕೆ ಸೋಮಾರಿತನ ಇರಬಾರ್ದು ಅಷ್ಟೆ.

ಕಮ್ಮಿ ಶಿಪ್ಪಿಂಗ್ ಅಂತ ತೀರಾ ಹಿಂದೆ ಬೀಳೋದೂ ತಪ್ಪು. ಮುಂಚೆ ರಿಜಿಸ್ಟರ್ಡ್ ಪೋಸ್ಟ್ ಇತ್ತು, ನಿಧಾನ ಆದ್ರೂ ಸಹಿ ಇಲ್ದೆ ಯಾರ ಕೈಗೂ ಕೊಡ್ತಿರ್ಲಿಲ್ಲ, ಅದನ್ನ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ರು. ಸ್ಪೀಡ್ ಪೋಸ್ಟ್‌ನಲ್ಲಿ ಸಾಮಾನು ಕಳೆದುಹೋದ್ರೆ ಸಿಗೋ ಪರಿಹಾರ ಅಂದ್ರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಮ್ಮಿಯೋ ಅದು. ಎಪ್ಪತ್ತು ಕಟ್ಟಿದ್ರೆ ನೂರನಲವತ್ತು! ಮೂರು ಸಾವಿರದ ವಾಚಿಗೆ. ಹಂಗಾಗಿ ಬೆಲೆ ಜಾಸ್ತಿ ಇದ್ದಾಗ ಇನ್ಶೂರ್ ಮಾಡ್ಸಿ ಅಂತ ನಾನೇ ಕೇಳಿ ಮೇಲೆ ದುಡ್ಡು ಕೊಡ್ತೀನಿ, ಸೆಲ್ಲರ್‌ಗಳು ಒಂದು ಕ್ಷಣ ನಂಬಲ್ಲ.

ಇನ್ನೊಂದು ಬಾಕಿ ಇದೆ, ವಾಪಸ್ ಕಳಿಸೋ ಖರ್ಚು. ಎಚ್‌ಎಂಟಿಗಳಲ್ಲಿ ರೀಡಯಲ್ ಹಾವಳಿ ಜಾಸ್ತಿ, ಡಯಲ್‌ಗೆ ಹೊಸ ಪೇಂಟ್ ಹೊಡೆದು ಕೆಂಪು, ಹಸಿರು, ಗಿಳಿ ಬಣ್ಣ ಎಲ್ಲ ಮಾಡಿ ಒರಿಜಿನಲ್ ಅಂತ ಹಾಕ್ತಾರೆ. ಫೋಟೋದಲ್ಲಿ ಗೊತ್ತಾಗಲ್ಲ, ಕೈಗೆ ಬಂದು ಲೂಪ್ ಅನ್ನೋ ಸಣ್ಣ ಭೂತಗನ್ನಡಿ ಹಾಕಿ ನೋಡಿದಾಗ ಅಕ್ಷರದ ಅಂಚು ಹರಡಿರೋದು ಕಾಣುತ್ತೆ. ವಾಪಸ್ ತಗೊಳ್ತೀನಿ ಅಂತಾರೆ, ಆದ್ರೆ ಬಂದ ಶಿಪ್ಪಿಂಗೂ ಹೋಗೋ ಶಿಪ್ಪಿಂಗೂ ನಿಮ್ದೇ ಅಂತಾರೆ. ಎಂಟುನೂರರ ವಾಚಿಗೆ ಹೋಗಿ ಬರೋ ಖರ್ಚೇ ಮುನ್ನೂರೈವತ್ತು ಆದ್ರೆ ಯಾರು ವಾಪಸ್ ಕಳಿಸ್ತಾರೆ, ಡ್ರಾಗೆ ಹಾಕಿ ಸುಮ್ನಾಗ್ತಾರೆ, ಅದು ಗೊತ್ತಿದ್ದೇ ಕೆಲವ್ರು ಹಾಗೆ ಮಾರೋದು. ಅದಕ್ಕೆ ಬಿಡ್ ಹಾಕೋ ಮುಂಚೆ ಶಿಪ್ಪಿಂಗ್ ಎಷ್ಟು ಅನ್ನೋದರ ಜೊತೇಲೇ, ಡಯಲ್ ರೀಡಯಲ್ ಆಗಿದ್ರೆ ಎರಡೂ ಕಡೆ ಖರ್ಚು ಯಾರದ್ದು ಅಂತಾನೂ ಗ್ರೂಪಲ್ಲೇ, ಎಲ್ಲರಿಗೂ ಕಾಣೋ ಹಾಗೆ ಕೇಳ್ತೀನಿ. ಸರಿಯಾಗಿರೋ ಸೆಲ್ಲರ್ ಎರಡು ನಿಮಿಷದಲ್ಲಿ 'ನಂದೇ ಸರ್' ಅಂತ ಹಾಕ್ತಾನೆ, ಜೊತೆಗೆ ಡಯಲ್‌ನ ಇನ್ನೆರಡು ಫೋಟೋ. ಉತ್ತರ ಇನ್‌ಬಾಕ್ಸ್‌ಗೆ ಬಂದ್ರೆ ಮಾತ್ರ ನಾನು ಆ ಲಾಟ್ ಬಿಟ್ಟು ಮುಂದಿನದಕ್ಕೆ ಹೋಗ್ತೀನಿ.